ಗ್ರೀನ್ ಬಿಲ್ಡಿಂಗ್ ಅಂತ ಸರ್ಟಿಫಿಕೇಟ್ ಇದೆ, ಎಸಿ ಮಾತ್ರ ದಿನವಿಡೀ ಓಡ್ತಾನೇ ಇದೆ. ಎಲ್ಲಿಂದ ಸರಿಮಾಡೋದು?

ಗಾಜಿನಗೋಡೆ:
ಎಲ್ಲರಿಗೂ ನಮಸ್ಕಾರ. ನಾನು ಕೆಲಸ ಮಾಡೋ ಆಫೀಸಿನ ಕಟ್ಟಡಕ್ಕೆ ಗ್ರೀನ್ ರೇಟಿಂಗ್ ಇದೆ, ಬಾಗಿಲಲ್ಲೇ ಫಲಕ ಹಾಕಿದ್ದಾರೆ. ಪಶ್ಚಿಮದ ಕಡೆ ನೆಲದಿಂದ ಸೂರಿನವರೆಗೂ ಗಾಜು. ಮಧ್ಯಾಹ್ನ ಮೂರು ಗಂಟೆ ದಾಟಿದರೆ ಗಾಜಿನ ಪಕ್ಕ ಕೂತವರು ಬೆವರ್ತಾರೆ, ನಡುವೆ ಕೂತವರು ಸ್ವೆಟರ್ ಹಾಕ್ಕೊಂಡು ಕೆಲಸ ಮಾಡ್ತಾರೆ. ಎರಡೂ ಕಡೆಗೆ ಒಂದೇ ಥರ್ಮೋಸ್ಟಾಟ್. ಈಗ ಹಳೇ ಚಿಲ್ಲರ್ (ಇಡೀ ಕಟ್ಟಡದ ಎಸಿಗೆ ನೀರು ತಣ್ಣಗೆ ಮಾಡಿಕೊಡೋ ಯಂತ್ರ) ತೆಗೆದು, ಹೆಚ್ಚು ದಕ್ಷತೆಯದ್ದು, ಈಗಿರೋದಕ್ಕಿಂತ ದೊಡ್ಡದು ಹಾಕೋಣ ಅಂತ ಆಡಳಿತದವರು ಹೊರಟಿದ್ದಾರೆ. ಸಮಿತಿಯಲ್ಲಿ ನಾನೂ ಇದ್ದೀನಿ, ಆದರೆ ನಾನು ಇಂಜಿನಿಯರ್ ಅಲ್ಲ.

ಕೇಳಬೇಕಾದ್ದು ಎರಡು. ದೊಡ್ಡ ಯಂತ್ರ ಬಂದ್ರೆ ಈ ತೊಂದರೆ ಹೋಗುತ್ತಾ? ಸೂರಿನಲ್ಲಿ ತಣ್ಣೀರಿನ ಪೈಪ್ ಹರಿಸಿ ಕೋಣೆ ತಂಪು ಮಾಡೋ ಪದ್ಧತಿಗೆ ಕರೆಂಟ್ ತುಂಬಾ ಕಡಿಮೆ ಸಾಕು ಅಂತಾರಲ್ಲ, ಅದು ನಿಜವಾ?

ಬಯಲುಗಾಳಿ:
ಮೊದಲು ಆ ಗಾಜಿಗೆ ಏನಾದ್ರೂ ಮಾಡಿ. ಮಿಕ್ಕಿದ್ದೆಲ್ಲ ಆಮೇಲೆ.

ಶಾಖಲೆಕ್ಕ:
ಚಿಲ್ಲರ್‌ಗೆ ಸಹಿ ಹಾಕೋ ಮುಂಚೆ ಈ ಲೆಕ್ಕ ನೋಡಿ ಸರ್. ಪಶ್ಚಿಮದ ಗಾಜಿನ ಮೇಲೆ ಸಂಜೆಯ ಬಿಸಿಲು ಚದರ ಮೀಟರಿಗೆ 600 ವ್ಯಾಟ್ ಬೀಳ್ತಿದೆ ಅಂತ ಇಟ್ಕೊಳ್ಳಿ. ಸಾದಾ ಗಾಜು ಅದರಲ್ಲಿ ಸುಮಾರು ಶೇ. 80ರಷ್ಟು ಶಾಖವನ್ನ ಒಳಗೆ ಬಿಡುತ್ತೆ. ಬರೀ 10 ಚದರ ಮೀಟರ್ ಗಾಜಿನಿಂದ 4.8 ಕಿಲೋವ್ಯಾಟ್ ಒಳಗೆ ಬಂತು. ಒಂದು ಟನ್ ಎಸಿ ಅಂದ್ರೆ 3.5 ಕಿಲೋವ್ಯಾಟ್ ಶಾಖ ಹೊರಗೆ ಹಾಕೋ ಸಾಮರ್ಥ್ಯ. ಅಂದ್ರೆ ಆ ಸಣ್ಣ ತುಂಡು ಗಾಜಿಗೇ ಒಂದೂಕಾಲು ಟನ್ನಿಗಿಂತ ಜಾಸ್ತಿ ಬೇಕು. ಬಿಸಿಲು ತಡೆಯೋ ಲೇಪನ ಇರೋ ಗಾಜಾದ್ರೆ ಶೇ. 25ರಷ್ಟು ಮಾತ್ರ ಒಳಗೆ ಬರುತ್ತೆ, ಅಲ್ಲಿಗೆ 1.5 ಕಿಲೋವ್ಯಾಟ್. ಯಂತ್ರ ಮುಟ್ಟದೇನೇ ಮೂರನೇ ಎರಡು ಭಾಗ ಹೊರೆ ಇಳೀತು.

ಶಾಖ ಒಳಗೆ ಸುರೀತಾ ಇರೋವಾಗ ದೊಡ್ಡ ಚಿಲ್ಲರ್ ತರೋದು ಒಡಕು ಕೊಡಕ್ಕೆ ದೊಡ್ಡ ಬಿಂದಿಗೆಯಿಂದ ನೀರು ಹುಯ್ದ ಹಾಗೆ. ಹೊರೆ ಇಳಿಸಿ, ಆಮೇಲೆ ಯಂತ್ರದ ಅಳತೆ ಹಾಕಿ. ಈ ಕ್ರಮ ತಿರುಗಾಮುರುಗಾ ಆದ್ರೆ ಮುಂದಿನ 20 ವರ್ಷ ಅದರ ಬಿಲ್ ಕಟ್ಟಬೇಕು, ಯಾಕಂದ್ರೆ ಚಿಲ್ಲರ್ ಅಷ್ಟು ಕಾಲ ಬಾಳುತ್ತೆ.

ಗಾಜಿನಗೋಡೆ:
ಒಳಗಡೆ ಬ್ಲೈಂಡ್ಸ್ ಇದಾವಲ್ಲ ಸರ್, ಮಧ್ಯಾಹ್ನ ಎಲ್ಲರೂ ಇಳಿಸ್ತಾರೆ. ಸಾಲದಾ?

ನೆರಳುಪ್ರಿಯ:
ಸಾಲದು. ಬಿಸಿಲು ಗಾಜು ದಾಟಿ ಬಂದು ಬ್ಲೈಂಡ್ಸ್ ಮೇಲೆ ಬಿತ್ತು ಅಂದ್ರೆ ಶಾಖ ಆಗಲೇ ಒಳಗೆ ಬಂದ ಹಾಗೆ. ಬ್ಲೈಂಡ್ಸ್ ಕಾದು ಆ ಶಾಖವನ್ನ ಕೋಣೆಗೇ ಬಿಡುತ್ತೆ. ಬಿಳೀ ಬಣ್ಣದ್ದಾದ್ರೆ ಸ್ವಲ್ಪ ಬೆಳಕು ವಾಪಸ್ ಹೋಗುತ್ತೆ, ಅಷ್ಟೇ ಲಾಭ. ನೆರಳು ಗಾಜಿನ ಹೊರಗೆ ಬೀಳಬೇಕು. ಸಜ್ಜಾ, ಲೂವರ್ (ಓರೆಯಾಗಿ ಜೋಡಿಸಿದ ಪಟ್ಟಿಗಳು), ಹೊರಗಿನ ಸ್ಕ್ರೀನ್, ಮರ, ಯಾವುದಾದ್ರೂ ಸರಿ.

ಇನ್ನೊಂದು ವಿಷಯ. ಮಧ್ಯಾಹ್ನದ ಸೂರ್ಯ ಎತ್ತರದಲ್ಲಿರೋ ದಿಕ್ಕಿಗೆ ಅಡ್ಡ ಸಜ್ಜಾ ಸಾಕು. ಪೂರ್ವ, ಪಶ್ಚಿಮಕ್ಕೆ ಅದು ನಡೆಯಲ್ಲ, ಸೂರ್ಯ ಕೆಳಗಿರೋದರಿಂದ ಬಿಸಿಲು ಸಜ್ಜಾದ ಅಡಿಯಿಂದಲೇ ನುಗ್ಗುತ್ತೆ. ಅಲ್ಲಿಗೆ ಲಂಬವಾದ ಫಿನ್ (ಗೋಡೆಯಿಂದ ಹೊರಚಾಚಿದ ನಿಲುವು ಪಟ್ಟಿ) ಅಥವಾ ತಿರುಗಿಸಬಹುದಾದ ಲೂವರ್ ಬೇಕು. ನಾಲ್ಕೂ ದಿಕ್ಕಿಗೆ ಒಂದೇ ಥರದ ಸಜ್ಜಾ ಬರೆದಿರೋ ನಕ್ಷೆ ಕಂಡ್ರೆ ನನಗೆ ಸಂಕಟ ಆಗುತ್ತೆ. ಬರೆಯೋವಾಗ ಸೂರ್ಯನ ದಾರಿ ಯಾರೂ ನೋಡಿರಲ್ಲ.

ಕೊಳವೆಕೈ:
ನಾನು ಚಿಲ್ಲರ್ ಪ್ಲಾಂಟ್‌ಗಳಲ್ಲಿ ಮೇಂಟೆನೆನ್ಸ್ ಮಾಡೋನು. ನೆರಳಿನ ಮಾತು ಒಪ್ತೀನಿ, ಆದ್ರೆ ಯಂತ್ರದ ಕಡೆ ತಪ್ಪೇ ಇಲ್ಲ ಅನ್ನೋ ಥರ ಮಾತಾಡಬೇಡಿ. ನಡುವೆ ಕೂತವರು ಸ್ವೆಟರ್ ಹಾಕ್ತಾರೆ ಅಂದ್ರೆ ಅಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು ತಣ್ಣನೆ ಗಾಳಿ ಹೋಗ್ತಿದೆ. ಡಕ್ಟ್‌ನ (ಗಾಳಿ ಹೋಗೋ ಕೊಳವೆಯ) ಡ್ಯಾಂಪರ್, ಅಂದ್ರೆ ಗಾಳಿ ಹೆಚ್ಚುಕಡಿಮೆ ಮಾಡೋ ತಡೆಬಾಗಿಲು, ಒಂದೋ ಸಿಕ್ಕಿಹಾಕ್ಕೊಂಡಿದೆ, ಇಲ್ಲ ಯಾವ ಕಡೆಗೆ ಎಷ್ಟು ಗಾಳಿ ಅಂತ ಕಟ್ಟಿದ ದಿನದಿಂದ ಯಾರೂ ಬ್ಯಾಲೆನ್ಸ್ ಮಾಡಿಲ್ಲ. ನಾನು ನೋಡಿದ ಒಂದು ಕಟ್ಟಡದಲ್ಲಿ ಒಂದೇ ಹಾಲ್‌ನ ಈ ತುದಿಗೆ ಕೂಲಿಂಗ್, ಆ ತುದಿಗೆ ಹೀಟರ್, ಎರಡೂ ಒಟ್ಟಿಗೆ ಓಡ್ತಿದ್ವು. ಎರಡರ ಸೆಟ್‌ಪಾಯಿಂಟ್ (ನಾವು ಇಟ್ಟ ಉಷ್ಣಾಂಶ) ನಡುವೆ ಅಂತರವೇ ಇರಲಿಲ್ಲ. ಒಂದು ತಣ್ಣಗೆ ಮಾಡಿದ್ದನ್ನ ಇನ್ನೊಂದು ಬಿಸಿ ಮಾಡೋದು. ಅದನ್ನ ಸರಿ ಮಾಡೋಕೆ ಒಂದು ಹೊಸ ಸಾಮಾನೂ ಬೇಕಾಗಲಿಲ್ಲ.

ಪ್ರಶ್ನಾರ್ಥಕ:
ಥರ್ಮೋಸ್ಟಾಟ್ 24 ತೋರಿಸ್ತಿದ್ರೂ ಗಾಜಿನ ಪಕ್ಕ ಕೂತವರಿಗೆ ಸೆಕೆ ಯಾಕೆ? ಗಾಳಿ 24 ಅಂದ್ರೆ ಎಲ್ಲ ಕಡೆ 24 ತಾನೇ?

ಇಬ್ಬನಿ:
ಒಳ್ಳೇ ಪ್ರಶ್ನೆ. ಥರ್ಮೋಸ್ಟಾಟ್ ಅಳೆಯೋದು ಗಾಳೀನ ಮಾತ್ರ. ನಮ್ಮ ಮೈಗೆ ಗಾಳಿಯ ಉಷ್ಣಾಂಶ ಎಷ್ಟು ಮುಖ್ಯಾನೋ ಸುತ್ತಲಿನ ಗೋಡೆ, ಗಾಜು, ಸೂರಿನ ಮೇಲ್ಮೈ ಉಷ್ಣಾಂಶಾನೂ ಅಷ್ಟೇ ಮುಖ್ಯ. ಕಾದ ಗಾಜು ನೇರವಾಗಿ ಮೈಗೆ ಶಾಖ ಬೀರುತ್ತೆ, ನಡುವೆ ಇರೋ ಗಾಳಿ ತಣ್ಣಗಿದ್ರೂ ಅದು ನಿಲ್ಲಲ್ಲ. ಬಟ್ಟೆ, ಗಾಳಿಯ ವೇಗ, ತೇವಾಂಶ, ಮಾಡೋ ಕೆಲಸ, ಇವೆಲ್ಲಾನೂ ಲೆಕ್ಕಕ್ಕೆ ಬರುತ್ತೆ. ಅಮೆರಿಕದ ಎಸಿ ಇಂಜಿನಿಯರ್‌ಗಳ ಸಂಘದ ಆಶ್ರೇ 55 ಅನ್ನೋ ಮಾನದಂಡ ಈ ಆರನ್ನೂ ಸೇರಿಸೇ ಹಿತ ಅಂದ್ರೇನು ಅಂತ ಹೇಳೋದು.

ಸೂರಿನ ಪೈಪ್ ಬಗ್ಗೆ ಗಾಜಿನಗೋಡೆ ಅವರು ಕೇಳಿದ್ದಕ್ಕೂ ಇದೇ ಉತ್ತರದ ಬುಡ. ಸೂರು ತಣ್ಣಗಿದ್ರೆ ಮೈಯ ಶಾಖ ನೇರ ಅದಕ್ಕೆ ಹೋಗುತ್ತೆ, ಹಾಗಾಗಿ ಗಾಳಿ 26 ಇದ್ರೂ ಹಿತವಾಗಿರುತ್ತೆ. ಸಾಮಾನ್ಯ ಪದ್ಧತಿಗೆ 7 ಡಿಗ್ರಿ ನೀರು ಬೇಕು, ಇದಕ್ಕೆ 15–18 ಡಿಗ್ರಿ ಸಾಕು. ನೀರನ್ನ ಕಡಿಮೆ ತಣ್ಣಗೆ ಮಾಡಿದಷ್ಟೂ ಚಿಲ್ಲರ್‌ಗೆ ಶ್ರಮ ಕಡಿಮೆ, ಒಂದೊಂದು ಡಿಗ್ರಿಗೂ ಸುಮಾರು 2–3% ಉಳಿಯುತ್ತೆ. ಅದರ ಜೊತೆಗೆ, ಒಂದು ಘನ ಮೀಟರ್ ನೀರು ಅಷ್ಟೇ ಗಾಳಿಗಿಂತ ಸುಮಾರು 3500 ಪಟ್ಟು ಹೆಚ್ಚು ಶಾಖ ಹೊರುತ್ತೆ. ಇಷ್ಟಗಲದ ಡಕ್ಟ್‌ನಲ್ಲಿ ಫ್ಯಾನ್ ಹಾಕಿ ತಳ್ಳೋ ಶಾಖ ಬೆರಳು ದಪ್ಪದ ಪೈಪ್‌ಗಳಲ್ಲಿ ಹೋಗುತ್ತೆ.

ಕೊಳವೆಕೈ:
ಮೇಡಂ, ಇದರ ಇನ್ನೊಂದು ಮುಖಾನೂ ಹೇಳಿ. 26 ಡಿಗ್ರಿ, 60% ತೇವಾಂಶ ಇರೋ ಕೋಣೇಲಿ ಹೆಚ್ಚುಕಡಿಮೆ 18 ಡಿಗ್ರಿಗೇ ಇಬ್ಬನಿ ಕಟ್ಟುತ್ತೆ. ಅದಕ್ಕಿಂತ ತಣ್ಣಗಿನ ಸೂರು ಅಂದ್ರೆ ಮೇಜಿನ ಮೇಲೆ ನೀರು ತೊಟ್ಟಿಕ್ಕುತ್ತೆ. ಯಾರೋ ಒಂದು ಕಿಟಕಿ ತೆಗೆದಿಟ್ರೆ ಸಾಕು.

ಇಬ್ಬನಿ:
ಅದಕ್ಕೇ ತೇವಾಂಶ ತೆಗೆಯೋ ಕೆಲಸ ಬೇರೆ ಯಂತ್ರಕ್ಕೆ ಕೊಡೋದು. ಹೊರಗಿನ ಶುದ್ಧ ಗಾಳೀನ ಮೊದಲು ಒಣಗಿಸಿ ಒಳಗೆ ಬಿಡ್ತಾರೆ, ಸೂರಿಗೆ ಬರೀ ಶಾಖದ ಹೊಣೆ. ಇಬ್ಬನಿ ಬಿಂದುವಿನ ಸೆನ್ಸರ್ ಇಟ್ಟು, ಹತ್ತಿರ ಬಂದ ಕೂಡಲೇ ನೀರಿನ ಉಷ್ಣಾಂಶ ಏರಿಸ್ತಾರೆ. ಬಾಗಿಲು ಕಿಟಕಿ ಸದಾ ತೆರೆದಿರೋ ಕಡೆಗೆ ಈ ಪದ್ಧತಿ ಬೇಡ ಅಂತ ನಾನೇ ಹೇಳ್ತೀನಿ. ಗಾಜಿನಗೋಡೆ ಅವರ ಕಟ್ಟಡದಲ್ಲಿ ಆ ಪಶ್ಚಿಮದ ಬಿಸಿಲು ಹಾಗೇ ಇದ್ರೆ ಸೂರು ಅದನ್ನ ತಡೆಯಲ್ಲ, ಚದರ ಮೀಟರಿಗೆ ಅದು ಎಳೆಯೋ ಶಾಖಕ್ಕೆ ಮಿತಿ ಇದೆ. ಮತ್ತೆ ನೆರಳಿಗೇ ಬಂದು ನಿಲ್ತೀವಿ.

ಹಳೆಮನೆ:
ಇಷ್ಟೆಲ್ಲ ಯಾಕ್ರೀ? ಜಿಂಬಾಬ್ವೆಯ ಹರಾರೆಯ ಈಸ್ಟ್‌ಗೇಟ್ ಸೆಂಟರ್ ನೋಡಿ. 1996ರಲ್ಲಿ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಗೆದ್ದಲ ಹುತ್ತ ನೋಡಿ ಕಟ್ಟಿದ್ದು. ಎಸಿ ಇಲ್ಲದೆ ಅಷ್ಟು ದೊಡ್ಡ ಕಟ್ಟಡ ನಡೀತಿದೆ. ಇರಾನಿನ ಯಜ್ದ್‌ನಲ್ಲಿ ಗಾಳಿಗೋಪುರ ಕಟ್ಟಿ ಮರುಭೂಮೀಲಿ ಬಾಳಿದ್ರು. ಹಿಂದಿನವರಿಗೆ ಗೊತ್ತಿದ್ದದ್ದನ್ನ ಮರೆತು ಚಿಲ್ಲರ್ ಅಂತ ಕೂತಿದ್ದೀವಿ.

ಶಾಖಲೆಕ್ಕ:
ಹಳೆಮನೆಯವರೇ, ಈಸ್ಟ್‌ಗೇಟ್ ನನಗೂ ತುಂಬಾ ಇಷ್ಟದ ಕಟ್ಟಡ. ಆದರೆ ಹರಾರೆ ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿದೆ, ಹಗಲು ಬಿಸಿ ಇದ್ರೂ ರಾತ್ರಿ ತಣ್ಣಗಾಗುತ್ತೆ. ಆ ರಾತ್ರಿ ಗಾಳೀನ ಫ್ಯಾನ್‌ಗಳಿಂದ ಎಳೆದು ಕಾಂಕ್ರೀಟಿನ ಒಡಲನ್ನ ತಂಪು ಮಾಡಿಡ್ತಾರೆ, ಹಗಲು ಆ ತಂಪು ಬಳಸ್ತಾರೆ. ಫ್ಯಾನ್‌ಗಳಿದಾವೆ, ಯಂತ್ರವೇ ಇಲ್ಲ ಅನ್ನೋ ಹಾಗಿಲ್ಲ. ಹಗಲು 34, ರಾತ್ರಿ 29 ಇರೋ ಕರಾವಳಿ ಹವೇಲಿ ಅದೇ ಕಟ್ಟಡ ಕಟ್ಟಿದ್ರೆ ಕಾಂಕ್ರೀಟು ರಾತ್ರಿಯೂ ತಣಿಯಲ್ಲ. ದಪ್ಪ ಗೋಡೆ ಒಳ್ಳೇದೋ ಕೆಟ್ಟದ್ದೋ ಅನ್ನೋದನ್ನ ಹಗಲು ರಾತ್ರಿಯ ಉಷ್ಣಾಂಶದ ಅಂತರ ತೀರ್ಮಾನಿಸುತ್ತೆ. ಯಜ್ದ್ ಕೂಡ ಒಣ ಹವೆ.

ಹಳೆಮನೆ:
ಹವೆ ನೋಡಿ ಕಟ್ಟಬೇಕು ಅಂತಲೇ ನಾನೂ ಹೇಳ್ತಿರೋದು. ಎಲ್ಲ ಹವೆಗೂ ಒಂದೇ ಗಾಜಿನ ಪೆಟ್ಟಿಗೆ ಕಟ್ಟಿ, ಅದಕ್ಕೆ ಗ್ರೀನ್ ಅಂತ ಹೆಸರಿಡೋದು ನನಗೆ ಒಪ್ಪಿಗೆಯಿಲ್ಲ.

ಬಯಲುಗಾಳಿ:
👏 ಇದಕ್ಕೆ ನನ್ನದೂ ಒಂದು ವೋಟು.

ಪ್ರಶ್ನಾರ್ಥಕ:
ಹಾಗಾದ್ರೆ ಕೂಲರ್ ಬಗ್ಗೆ ಏನಂತೀರಿ? ನೀರು ಹಾಕಿದ್ರೆ ತಂಪು, ಕರೆಂಟೂ ಕಡಿಮೆ.

ಶಾಖಲೆಕ್ಕ:
ಒಣ ಹವೆಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಒಂದು ಲೀಟರ್ ನೀರು ಆವಿಯಾಗೋವಾಗ ಸುಮಾರು 0.68 ಯೂನಿಟ್‌ನಷ್ಟು ಶಾಖ ಹೀರುತ್ತೆ. ಎಷ್ಟರವರೆಗೆ ತಣಿಯಬಹುದು ಅನ್ನೋದನ್ನ ವೆಟ್ ಬಲ್ಬ್ ಉಷ್ಣಾಂಶ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸೋದು) ಹೇಳುತ್ತೆ. ಹೊರಗೆ 40 ಡಿಗ್ರಿ, 20% ತೇವಾಂಶ ಇದ್ರೆ ಅದು ಸುಮಾರು 22. 35 ಡಿಗ್ರಿ, 70% ತೇವಾಂಶ ಇದ್ರೆ 30. ಎರಡನೇ ಕಡೆ ಕೂಲರ್ ಇಟ್ರೆ ಒದ್ದೆ ಗಾಳಿ ಬರುತ್ತೆ ಅಷ್ಟೇ. ನೀರಿಗೇ ಬರ ಇರೋ ಕಡೆ ಆ ಲೆಕ್ಕಾನೂ ಹಾಕಬೇಕು.

ಮಂಜುಮಲೆ:
ಎಲ್ಲರೂ ತಂಪಿನ ಬಗ್ಗೆಯೇ ಮಾತಾಡ್ತಿದ್ದೀರಿ. ನಾನಿರೋದು ಚಳಿ ಪ್ರದೇಶದಲ್ಲಿ, ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಮನೆ ಬಿಸಿ ಮಾಡೋಕೆ ಈಗ ಕರೆಂಟ್ ಹೀಟರ್. ಹೀಟ್ ಪಂಪ್ ಹಾಕ್ಸಿ ಅಂತಾರೆ, ಚಳೀಲಿ ಅದು ಕೈಕೊಡುತ್ತೆ ಅಂತಾನೂ ಅಂತಾರೆ. ಯಾರನ್ನ ನಂಬೋದು?

ಕೊಳವೆಕೈ:
ಹೀಟ್ ಪಂಪ್ ಅಂದ್ರೆ ತಿರುಗಿಸಿಟ್ಟ ಎಸಿ. ಎಸಿ ಒಳಗಿನ ಶಾಖ ಹೊರಗೆ ಹಾಕುತ್ತೆ, ಇದು ಹೊರಗಿನ ಶಾಖ ಒಳಗೆ ತರುತ್ತೆ. ಕರೆಂಟ್ ಹೀಟರ್ ಒಂದು ಯೂನಿಟ್ ತಗೊಂಡು ಒಂದು ಯೂನಿಟ್ ಶಾಖ ಕೊಡುತ್ತೆ, ಅದಕ್ಕಿಂತ ಜಾಸ್ತಿ ಅದರ ಕೈಲಿ ಆಗಲ್ಲ. ಹೀಟ್ ಪಂಪ್ ಒಂದು ಯೂನಿಟ್‌ಗೆ ಮೂರು, ಮೂರೂವರೆ ಕೊಡುತ್ತೆ. ಆ ಹೆಚ್ಚಿನದ್ದು ಹೊರಗಿನ ಗಾಳಿಯಿಂದ ಬಂದದ್ದು.

ಚಳಿ ಹೆಚ್ಚಿದಷ್ಟೂ ದಕ್ಷತೆ ಇಳಿಯೋದು ನಿಜ. ಔಟ್‌ಡೋರ್ ಯೂನಿಟ್ ಮೇಲೆ ಹಿಮ ಕಟ್ಟುತ್ತೆ, ಆಗಾಗ ತಾನೇ ಕರಗಿಸಿಕೊಳ್ಳಬೇಕು. ಆದ್ರೆ ಕೈಕೊಡುತ್ತೆ ಅನ್ನೋದು ಸುಳ್ಳು. ನಾರ್ವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಹೀಟ್ ಪಂಪ್ ಇದೆ, ಅಲ್ಲಿಗಿಂತ ಚಳಿ ಬೇಕಾ?

ಶಾಖಲೆಕ್ಕ:
ಮಂಜುಮಲೆ ಅವರೇ, ಯಂತ್ರದ ಬ್ರಾಂಡ್‌ಗಿಂತ ಮುಖ್ಯವಾದ್ದು ಎಷ್ಟು ಬಿಸಿ ನೀರು ಹರಿಸ್ತೀರಿ ಅನ್ನೋದು. ಹೊರಗೆ 0 ಡಿಗ್ರಿ ಇದ್ದಾಗ 35 ಡಿಗ್ರಿ ನೀರು ಮಾಡೋಕೆ ಕಾರ್ನೋ ಮಿತಿ (ಒಂದು ಯೂನಿಟ್ ಕರೆಂಟಿಗೆ ಲೆಕ್ಕದ ಪ್ರಕಾರ ಸಿಗಬಹುದಾದ ಗರಿಷ್ಠ ಶಾಖ) 8.8, ಅದೇ 55 ಡಿಗ್ರಿಗೆ ಸುಮಾರು 6. ನಿಜವಾದ ಯಂತ್ರಗಳು ಇದರ ಅರ್ಧದ ಆಸುಪಾಸು ಕೊಡ್ತಾವೆ, ಆದ್ರೆ ಪ್ರಮಾಣ ಹಾಗೇ ಇರುತ್ತೆ. ನೆಲದಡಿ ಪೈಪ್ ಹಾಕಿದ್ರೆ 35 ಸಾಕು, ಸಣ್ಣ ರೇಡಿಯೇಟರ್ ಆದ್ರೆ 55 ಬೇಕು. ಅದೇ ಯಂತ್ರ, ಒಂದು ಮನೇಲಿ ಹೊಗಳಿಕೆ, ಇನ್ನೊಂದು ಮನೇಲಿ ಬೈಗುಳ. ಸ್ನಾನದ ನೀರಿನ ತೊಟ್ಟಿಯನ್ನ ಮಾತ್ರ ಲೆಜಿಯೊನೆಲ್ಲ ಬ್ಯಾಕ್ಟೀರಿಯಾ ಬೆಳೆಯದ ಹಾಗೆ 60ಕ್ಕೆ ಕಾಯಿಸಬೇಕು, ಅದನ್ನ ಬೇರೆಯಾಗಿ ನೋಡಿ.

ಇದು ಹೊಸ ವಿದ್ಯೆಯೂ ಅಲ್ಲ. ಯಂತ್ರದಿಂದ ಹೀಗೆ ಶಾಖ ಎತ್ತಿ ಕಟ್ಟಡ ಬಿಸಿ ಮಾಡಬಹುದು ಅಂತ ಲಾರ್ಡ್ ಕೆಲ್ವಿನ್ 1852ರಲ್ಲೇ ಬರೆದಿದ್ದರು.

ನೆರಳುಪ್ರಿಯ:
ಪಂಪ್‌ಗೂ ಮುಂಚೆ ಮನೆಯ ಸಂದುಗಳನ್ನ ಮುಚ್ಚಿಸಿ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಕಟ್ಟಿದ ಮೊದಲ ಪ್ಯಾಸಿವ್ ಹೌಸ್ ಈಗಲೂ ಇದೆ. ಆ ಮಾನದಂಡದಲ್ಲಿ ಇಡೀ ವರ್ಷದ ಹೀಟಿಂಗ್‌ಗೆ ಚದರ ಮೀಟರಿಗೆ 15 ಯೂನಿಟ್ ಶಾಖ ಅಷ್ಟೇ. ದಪ್ಪ ಇನ್ಸುಲೇಶನ್, ಮೂರು ಪದರದ ಗಾಜು, ಗಾಳಿ ಸೋರದ ಕಟ್ಟಣೆ. ಒಳಗಿನವರ ಮೈಶಾಖ, ದೀಪ, ಕಂಪ್ಯೂಟರ್, ಕಿಟಕಿಯ ಬಿಸಿಲು ಇವೇ ಬಹುಪಾಲು ಸಾಕಾಗುತ್ತೆ. ಸುಮ್ಮನೆ ಕೂತ ಮನುಷ್ಯ ಒಬ್ಬ ಸುಮಾರು 100 ವ್ಯಾಟ್ ಶಾಖ ಬಿಡ್ತಾನೆ.

ಹಳೆಮನೆ:
ಗಾಳಿ ಸೋರದ ಮನೇಲಿ ಉಸಿರು ಕಟ್ಟಲ್ವಾ? ಮನೆ ಉಸಿರಾಡಬೇಕು.

ನೆರಳುಪ್ರಿಯ:
ಉಸಿರಾಡಬೇಕಾದ್ದು ಮನೆಯಲ್ಲಿರೋ ಜನ. ಸಂದಿಗೊಂದಿಯಿಂದ ಬರೋ ಗಾಳಿ, ಹೊರಗೆ ಬೀಸೋದು ಜೋರಾದ ದಿನ ಅತಿಯಾಗಿ ಬರುತ್ತೆ, ನಿಂತ ದಿನ ಬರೋದೇ ಇಲ್ಲ. ಅದರ ಬದಲು ಸಣ್ಣ ಫ್ಯಾನ್‌ನಿಂದ ಅಳತೆಯಾಗಿ ಗಾಳಿ ತರ್ತಾರೆ. ಹೊರಹೋಗೋ ಗಾಳಿಯ ಶಾಖವನ್ನ ಒಳಬರೋ ಗಾಳಿಗೆ ದಾಟಿಸೋ ಯಂತ್ರ ಇರುತ್ತೆ, ಮುಕ್ಕಾಲು ಭಾಗಕ್ಕಿಂತ ಹೆಚ್ಚು ಶಾಖ ವಾಪಸ್ ಸಿಗುತ್ತೆ. ಬೇಕಾದಾಗ ಕಿಟಕಿ ತೆಗೀಬಹುದು, ಯಾರೂ ಬೇಡ ಅನ್ನಲ್ಲ.

ಹಳೆಮನೆ:
ಆ ಫ್ಯಾನ್ ಕೆಟ್ಟ ದಿನ? ಫಿಲ್ಟರ್ ಯಾರು ತೊಳೀತಾರೆ? ಯಂತ್ರದ ಮೇಲೆ ಉಸಿರು ಬಿಟ್ಟು ಕೂರೋದು ನನಗಂತೂ ಸರಿಬರಲ್ಲ.

ಇಬ್ಬನಿ:
ಫಿಲ್ಟರ್ ಮಾತು ನ್ಯಾಯವಾದದ್ದು. ಬದಲಾಯಿಸೋ ಜಾಗ ಕೈಗೆಟುಕೋ ಹಾಗೆ ಇಟ್ಟಿಲ್ಲದ ನಕ್ಷೆಗಳನ್ನ ನಾನು ವಾಪಸ್ ಕಳಿಸ್ತೀನಿ. ಅಟ್ಟದ ಮೂಲೇಲಿ ಇಟ್ರೆ ಯಾರೂ ಮುಟ್ಟಲ್ಲ.

ಬಯಲುಗಾಳಿ:
ಫ್ಯಾನ್ ಅಂದಾಗ ನೆನಪಾಯ್ತು. ಸೀಲಿಂಗ್ ಫ್ಯಾನ್ ಬಗ್ಗೆ ಇಷ್ಟು ಹೊತ್ತು ಯಾರೂ ಬಾಯಿ ಬಿಟ್ಟಿಲ್ಲವಲ್ಲ! ಮೈಮೇಲೆ ಸೆಕೆಂಡಿಗೆ ಒಂದು ಮೀಟರ್‌ನಷ್ಟು ಗಾಳಿ ಆಡಿದ್ರೆ ಎರಡು ಮೂರು ಡಿಗ್ರಿ ತಂಪಾದ ಹಾಗೆ ಅನಿಸುತ್ತೆ. ಹಳೇ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಹೊಸ ಬಗೆಯ) ಮೋಟಾರಿನದ್ದು ಸುಮಾರು 30 ವ್ಯಾಟ್. ಎಸಿಯನ್ನ 27ಕ್ಕೆ ಇಟ್ಟು ಫ್ಯಾನ್ ಹಾಕ್ಕೊಳ್ಳಿ, 24ಕ್ಕೆ ಇಡೋ ಅಗತ್ಯವೇ ಬರಲ್ಲ. ಒಂದು ಡಿಗ್ರಿಗೆ 6% ಉಳಿಯುತ್ತೆ.

ಕೊಳವೆಕೈ:
6% ಅನ್ನೋದು ಎಲ್ಲ ಕಟ್ಟಡಕ್ಕೂ ಒಂದೇ ಅಲ್ಲ. ಹೊರಗಿನ ಬಿಸಿ, ತೇವಾಂಶ, ಒಳಗೆ ಎಷ್ಟು ಜನ, ಎಷ್ಟು ಕಂಪ್ಯೂಟರ್ ಅನ್ನೋದರ ಮೇಲೆ ಏರಿಳಿತ ಇರುತ್ತೆ. ಉಳಿಯೋದಂತೂ ಖಂಡಿತ. ಕೋಣೇಲಿ ಯಾರೂ ಇಲ್ಲದಾಗ ಫ್ಯಾನ್ ಆರಿಸಿ, ಅದು ಮೈಯನ್ನ ತಂಪು ಮಾಡೋದು, ಕೋಣೇನ ಅಲ್ಲ. ಖಾಲಿ ಕೋಣೇಲಿ ಫ್ಯಾನಿನ ಮೋಟಾರೂ ಶಾಖವೇ.

ಪ್ರಶ್ನಾರ್ಥಕ:
ನಮ್ಮ ಮನೆಗೆ ಒಂದು ಟನ್ ಸಾಕಾಗೋ ಕಡೆ ಎರಡು ಟನ್ ತಗೊಂಡ್ರೆ ಬೇಗ ತಂಪಾಗಿ ಬೇಗ ಆಫ್ ಆಗುತ್ತಲ್ಲ, ಕರೆಂಟ್ ಉಳಿಯಲ್ವಾ?

ಶಾಖಲೆಕ್ಕ:
ಇಲ್ಲ. ತಂಪಾಗೋದು ಬೇಗ, ತೇವಾಂಶ ತೆಗೆಯೋಕೆ ಹೊತ್ತೇ ಸಿಗಲ್ಲ. ಕಾಯಿಲ್ ಮೇಲೆ ನೀರು ಕಟ್ಟಿ ಇಳಿಯೋಕೆ ಯಂತ್ರ ಒಂದಷ್ಟು ಹೊತ್ತು ಒಂದೇ ಸಮ ಓಡಬೇಕು. ಬೇಗ ಆಫ್ ಆದ್ರೆ ಕೋಣೆ ತಣ್ಣಗಿರುತ್ತೆ, ಆದರೆ ಅಂಟಂಟು. ಆಗ ನೀವು ಸೆಟ್‌ಪಾಯಿಂಟ್ ಇನ್ನೂ ಇಳಿಸ್ತೀರಿ. ಇನ್ವರ್ಟರ್ ಎಸಿ ಆದ್ರೆ ಬೇಕಾದಷ್ಟಕ್ಕೆ ವೇಗ ತಗ್ಗಿಸಿಕೊಳ್ಳುತ್ತೆ, ಆದ್ರೂ ಒಂದು ಮಿತಿಗಿಂತ ಕೆಳಗೆ ಅದಕ್ಕೂ ಆಗಲ್ಲ. ದೊಡ್ಡ ಚಿಲ್ಲರ್‌ಗೂ ಇದೇ ಮಾತು.

ವೇಗ ತಗ್ಗಿಸೋದರಲ್ಲಿ ಎಷ್ಟು ಲಾಭ ಇದೆ ಅಂದ್ರೆ, ಡಕ್ಟ್ ಫ್ಯಾನನ್ನ 80% ವೇಗಕ್ಕೆ ಇಳಿಸಿದ್ರೆ ಲೆಕ್ಕದ ಪ್ರಕಾರ ಅರ್ಧ ಕರೆಂಟ್ ಸಾಕು. ಅದು ವೇಗದ ಘನದ ಪ್ರಮಾಣದಲ್ಲಿ ಇಳಿಯುತ್ತೆ.

ನೆರಳುಪ್ರಿಯ:
ಎಸಿಯೊಳಗೆ ತುಂಬೋ ಅನಿಲದ ಮಾತೂ ಬರಲಿ. ಕರೆಂಟ್ ಎಷ್ಟೇ ಉಳಿಸಿದ್ರೂ ಗ್ಯಾಸ್ ಸೋರಿದ್ರೆ ಮಾಡಿದ್ದೆಲ್ಲ ನೀರುಪಾಲು. ಆರ್-410ಎ ಒಂದು ಕಿಲೋ ಗಾಳಿಗೆ ಹೋದ್ರೆ ಎರಡು ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ, ಅದರ ತಾಪನ ಸೂಚ್ಯಂಕ 2088. ಆರ್-32ಕ್ಕೆ 675. ಪ್ರೊಪೇನ್ ಅಂದ್ರೆ ಆರ್-290ಕ್ಕೆ ಬರೀ 3ರ ಆಸುಪಾಸು. ಇಂಥ ಅನಿಲಗಳ ಬಳಕೆ ತಗ್ಗಿಸೋಕೆ ದೇಶಗಳು ಒಪ್ಪಿದ 2016ರ ಕಿಗಾಲಿ ತಿದ್ದುಪಡಿ ಇದಕ್ಕಾಗಿಯೇ ಆದದ್ದು.

ಕೊಳವೆಕೈ:
ಪ್ರೊಪೇನ್ ಹೊತ್ತಿಕೊಳ್ಳುತ್ತೆ, ಅದಕ್ಕೇ ಒಂದು ಯೂನಿಟ್‌ನಲ್ಲಿ ಎಷ್ಟು ತುಂಬಬಹುದು ಅನ್ನೋದಕ್ಕೆ ಮಿತಿ ಇಟ್ಟಿದ್ದಾರೆ. ತರಬೇತಿ ಇಲ್ಲದವರ ಕೈಗೆ ಕೊಡಬೇಡಿ. ಒಂದು ವಿನಂತಿ, ಹಳೇ ಯಂತ್ರ ಬಿಚ್ಚೋವಾಗ ಗ್ಯಾಸನ್ನ ಸಿಲಿಂಡರಿಗೆ ಹಿಂದಕ್ಕೆ ತುಂಬಿಸಿಕೊಳ್ಳೋಕೆ ಹೇಳಿ. ಪೈಪ್ ಕತ್ತರಿಸಿ ಗಾಳಿಗೆ ಬಿಟ್ಟು ಹೋಗೋರನ್ನ ಕಣ್ಣಾರೆ ಕಂಡಿದ್ದೀನಿ, ಹೊಟ್ಟೆ ಉರಿಯುತ್ತೆ.

ಬಯಲುಗಾಳಿ:
ವಿಷಯ ಸ್ವಲ್ಪ ಬೇರೆ, ಆದ್ರೂ ಹೇಳ್ತೀನಿ. ಟೊರೊಂಟೊದಲ್ಲಿ 2004ರಿಂದ ಒಂಟಾರಿಯೊ ಸರೋವರದ 83 ಮೀಟರ್ ಆಳದ 4 ಡಿಗ್ರಿ ನೀರಿನ ತಂಪಿನಿಂದ ನಗರದ ನಡುವಿನ ಕಟ್ಟಡಗಳನ್ನ ತಣಿಸ್ತಿದ್ದಾರೆ. ಆ ನೀರೇ ಆಮೇಲೆ ನಗರಕ್ಕೆ ಕುಡಿಯೋಕೆ ಹೋಗುತ್ತೆ.

ಮಂಜುಮಲೆ:
ಕೆನಡಾದ್ದೇ ಇನ್ನೊಂದು ನಾನು ಓದಿದ್ದೆ. ಒಕೊಟೋಕ್ಸ್ ಅನ್ನೋ ಕಡೆ 52 ಮನೆಗಳು ಬೇಸಿಗೆಯ ಬಿಸಿಲಿನ ಶಾಖವನ್ನ 144 ಕೊಳವೆ ಬಾವಿಗಳ ಮೂಲಕ ನೆಲದೊಳಗೆ ತುಂಬಿಟ್ಟು ಚಳಿಗಾಲಕ್ಕೆ ಬಳಸ್ತಿದ್ವು. ಒಂದು ಮನೆಗೆ ಹಾಗೆ ಆಗುತ್ತಾ?

ಶಾಖಲೆಕ್ಕ:
ಒಂಟಿ ಮನೆಗೆ ಬೇಡ. ನೆಲದ ಸಂಗ್ರಹ ಸಣ್ಣದಾದಷ್ಟೂ ಅಂಚಿನಿಂದ ಸೋರೋ ಪಾಲು ಜಾಸ್ತಿ. ನೀವು ಸಂದು ಮುಚ್ಚಿಸಿ, ಅಟ್ಟಕ್ಕೆ ಇನ್ಸುಲೇಶನ್ ಹಾಕಿಸಿ, ಆಮೇಲೆ ಇನ್ನೂ ಎಷ್ಟು ಶಾಖ ಬೇಕು ಅಂತ ಲೆಕ್ಕ ಹಾಕಿಸಿ. ಪಂಪ್ ನೀವು ಅಂದುಕೊಂಡದ್ದಕ್ಕಿಂತ ಸಣ್ಣದೇ ಸಾಕಾಗುತ್ತೆ.

ಗಾಜಿನಗೋಡೆ:
ಎಲ್ಲರಿಗೂ ಧನ್ಯವಾದ. ಒಂದು ಅನುಮಾನ ಉಳೀತು. ಇಷ್ಟೆಲ್ಲ ತಪ್ಪಿದ್ರೂ ಗ್ರೀನ್ ರೇಟಿಂಗ್ ಹೇಗೆ ಸಿಕ್ತು?

ಇಬ್ಬನಿ:
ಬಹಳಷ್ಟು ರೇಟಿಂಗ್‌ಗಳು ನಕ್ಷೆ ಮತ್ತು ಕಂಪ್ಯೂಟರ್ ಮಾದರಿ ನೋಡಿ ಅಂಕ ಕೊಡೋದು. ನೀರು, ಜಾಗ, ಸಾಮಗ್ರಿ, ಬೈಸಿಕಲ್ ಸ್ಟ್ಯಾಂಡ್, ಎಲ್ಲದಕ್ಕೂ ಅಂಕ ಇದೆ, ಅವೆಲ್ಲ ಬೇಕಾದ್ದೇ. ಆದ್ರೆ ಮಾದರೀಲಿ ಸಂಜೆ ಆರಕ್ಕೆ ಎಸಿ ಆಫ್ ಅಂತ ಬರೆದಿರುತ್ತೆ, ನಿಜದಲ್ಲಿ ಯಾರೋ ಟೈಮರನ್ನ ಮ್ಯಾನ್ಯುಯಲ್‌ಗೆ ಹಾಕಿ ಮರೆತಿರ್ತಾರೆ. ಕಟ್ಟಿದ ಮೇಲೆ ಪ್ರತಿ ವರ್ಷ ಮೀಟರ್ ಓದಿ ಅಂಕ ಕೊಡೋ ವಿಧಾನಗಳೂ ಇವೆ. ಫಲಕಕ್ಕಿಂತ ಆ ಓದು ಬಾಗಿಲಲ್ಲಿ ಹಾಕಿದ್ರೆ ನನಗೆ ಹೆಚ್ಚು ಸಂತೋಷ.

ಗಾಜಿನಗೋಡೆ:
ಸೋಮವಾರ ಸಮಿತಿ ಸಭೆ ಇದೆ. ಪಶ್ಚಿಮಕ್ಕೆ ಹೊರಗಿನ ಲೂವರ್ ಹಾಕಿದ್ರೆ ಹೊರೆ ಎಷ್ಟು ಇಳಿಯುತ್ತೆ ಅಂತ ಲೆಕ್ಕ ಬರೋವರೆಗೂ ಚಿಲ್ಲರ್ ತೀರ್ಮಾನ ತಡೆಹಿಡೀರಿ ಅಂತ ಕೇಳ್ತೀನಿ. ಡ್ಯಾಂಪರ್ ತಪಾಸಣೆಯನ್ನೂ ಸೇರಿಸ್ತೀನಿ. ಜೊತೆಗೆ ಇನ್ನೇನು ಕೇಳಲಿ?

ಕೊಳವೆಕೈ:
ಕಟ್ಟಡದ ಗಂಟೆವಾರು ಕರೆಂಟ್ ಬಳಕೆ ಕೇಳಿ, ಒಂದು ವಾರದ್ದು. ರಾತ್ರಿ 11ರಿಂದ ಬೆಳಿಗ್ಗೆ 5ರ ಸಾಲು ಮೊದಲು ನೋಡಿ. ಯಾರೂ ಇಲ್ಲದ ಹೊತ್ತಲ್ಲೂ ಹಗಲಿನ ಅರ್ಧದಷ್ಟು ಎಳೀತಿದ್ರೆ, ಏನು ಓಡ್ತಿದೆ ಅಂತ ಒಂದು ರಾತ್ರಿ ಪ್ಲಾಂಟ್ ರೂಮಿಗೆ ಹೋಗಿ ನೋಡಬೇಕು. ಭಾನುವಾರದ ಸಾಲನ್ನೂ ನೋಡಿ. ಚಿಲ್ಲರ್‌ನಿಂದ ಹೊರಡೋ ನೀರಿನ ಉಷ್ಣಾಂಶ ಮತ್ತು ವಾಪಸ್ ಬರೋದರ ಉಷ್ಣಾಂಶ ಎರಡೂ ಬರೆಸಿಕೊಳ್ಳಿ. ನಡುವಿನ ಅಂತರ ಎರಡೋ ಮೂರೋ ಡಿಗ್ರಿ ಮಾತ್ರ ಇದ್ರೆ ಪಂಪ್‌ಗಳು ಬೇಕಾದ್ದಕ್ಕಿಂತ ಹೆಚ್ಚು ನೀರು ಸುತ್ತಿಸ್ತಿವೆ. ಆ ಸಂಖ್ಯೆಗಳು ಸಿಕ್ಕ ಮೇಲೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.